ಒಂದು ಗಂಟೆ, ಎಂಟು ಜನ: ಗೊರಿಲ್ಲಾ ನೋಡೋಕೆ ಇಷ್ಟು ದುಡ್ಡು ಯಾಕೆ?

[ಕಪ್ಪು ತೆರೆ. ದಂಟು ಮುರಿಯುವ ಸದ್ದು, ಅಗಿಯುವ ಸದ್ದು. ನಿಧಾನಕ್ಕೆ ಮಂಜು ಕವಿದ ಕಾಡು ಕಾಣಿಸುತ್ತದೆ.]

ಈ ಸದ್ದು ಕೇಳಿ. ಯಾರೋ ಪಕ್ಕದಲ್ಲೇ ಕೂತು ದಂಟಿನ ಸೊಪ್ಪು ಮುರಿಮುರಿದು ತಿಂತಿದ್ದಾರೆ ಅನ್ನಿಸುತ್ತೆ. ಎದುರಿನ ಬಳ್ಳಿ ಸರಿಸಿದರೆ, ಹತ್ತು ಮೀಟರ್ ಆಚೆ ನೂರಾ ಅರವತ್ತು ಕಿಲೋ ತೂಗುವ ಗಂಡು ಗೊರಿಲ್ಲಾ. ಬೆನ್ನ ಮೇಲೆ ಬೆಳ್ಳಿ ಬಣ್ಣದ ಕೂದಲು. ನಿಮ್ಮ ಕಡೆ ಒಂದು ಸಲ ನೋಡಿ, ಮತ್ತೆ ಊಟಕ್ಕೆ ಕೈ ಹಾಕುತ್ತೆ. ನಡುವೆ ಬೇಲಿ ಇಲ್ಲ, ಗಾಜಿಲ್ಲ, ಜೀಪೂ ಇಲ್ಲ.

ಆ ಕ್ಷಣದಲ್ಲೇ ನಿಮ್ಮ ಗೈಡ್ ಗಡಿಯಾರ ನೋಡಿಕೊಳ್ತಾರೆ. ನಿಮಗಿರೋದು ಒಂದು ಗಂಟೆ, ಅಷ್ಟೇ.

ಈ ಒಂದು ಗಂಟೆಗೆ ವಿದೇಶದಿಂದ ಬಂದವರು ರುವಾಂಡದಲ್ಲಿ ಕಟ್ಟಬೇಕಾದ್ದು 1,500 ಡಾಲರ್. ಅಂದರೆ ಒಂದೂಕಾಲು ಲಕ್ಷ ರೂಪಾಯಿಗೂ ಮೇಲೆ. ಉಗಾಂಡದಲ್ಲಿ 800 ಡಾಲರ್. ವಿಮಾನ, ರೂಮು, ಊಟದ ಖರ್ಚೆಲ್ಲ ಇದರ ಹೊರಗೆ. ಮೊದಲ ಸಲ ಕೇಳಿದಾಗ "ಇದು ಅನ್ಯಾಯ" ಅಂತ ನನಗೂ ಅನ್ನಿಸಿತ್ತು. ಹಿಂದಿನ ಕಥೆ ಓದ್ತಾ ಹೋದ ಹಾಗೆ ಆ ಅಭಿಪ್ರಾಯ ಬದಲಾಯ್ತು. ಇವತ್ತು ಆ ಕಥೆಯನ್ನೇ ಹೇಳ್ತೀನಿ.

[ಶೀರ್ಷಿಕೆ ತೆರೆಯ ಮೇಲೆ]

ನಮಸ್ಕಾರ. ಮೊದಲು ಯಾವ ಗೊರಿಲ್ಲಾ ಅನ್ನೋದು ಸ್ಪಷ್ಟವಾಗಲಿ. ಮೈಸೂರಿನ ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ತಾಬೊ, ಡೆಂಬಾ ಅನ್ನೋ ಎರಡು ಗೊರಿಲ್ಲಾ ಬಂದವು, ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಅವು ಪಶ್ಚಿಮ ಆಫ್ರಿಕಾ ಕಡೆಯ ತಗ್ಗು ಪ್ರದೇಶದ ಗೊರಿಲ್ಲಾಗಳು. ಇವತ್ತು ನಾವು ಮಾತಾಡ್ತಿರೋದು ಬೆಟ್ಟದ ಗೊರಿಲ್ಲಾ ಬಗ್ಗೆ. ಮೈತುಂಬ ಉದ್ದ ಕೂದಲು, ಚಳಿಯ ಬೆಟ್ಟದಲ್ಲಿ ವಾಸ. ಇದನ್ನು ನೋಡಬೇಕು ಅಂದರೆ ಅದು ಇರೋ ಕಾಡಿಗೇ ಹೋಗಬೇಕು. ಜಗತ್ತಿನ ಯಾವ ಮೃಗಾಲಯದಲ್ಲೂ ಇದು ಸಿಗಲ್ಲ.

[ನಕ್ಷೆ: ಉಗಾಂಡ, ರುವಾಂಡ, ಕಾಂಗೋ ಕೂಡುವ ಜಾಗ. ಎರಡು ಹಸಿರು ತುಂಡುಗಳು ಮಿನುಗುತ್ತವೆ.]

ನಕ್ಷೆಯಲ್ಲಿ ಈ ಎರಡು ಹಸಿರು ತುಂಡು ನೋಡಿ. ಕೆಳಗಿನದು ವಿರುಂಗ, ಜ್ವಾಲಾಮುಖಿಗಳ ಸಾಲು. ಒಂದೇ ಕಾಡು, ಆದರೆ ಮೂರು ದೇಶ ಹಂಚಿಕೊಂಡಿವೆ. ಕಾಂಗೋದ್ದು ವಿರುಂಗ ಪಾರ್ಕ್, ರುವಾಂಡದ್ದು ವೊಲ್ಕೇನೋಸ್ ಪಾರ್ಕ್, ಉಗಾಂಡದ್ದು ಪುಟ್ಟ ಮ್ಗಹಿಂಗ. ಮೇಲಿನದು ಉಗಾಂಡದ ಬ್ವಿಂಡಿ, 321 ಚದರ ಕಿಲೋಮೀಟರ್. ಅದರ ಇಂಗ್ಲಿಷ್ ಹೆಸರಿನಲ್ಲೇ "ಒಳಗೆ ನುಗ್ಗಲಾಗದ ಕಾಡು" ಅಂತ ಇದೆ. ಬೆಟ್ಟದ ಗೊರಿಲ್ಲಾಗಳ ಪ್ರಪಂಚ ಇಷ್ಟೇ. ಸುತ್ತಲೂ ಆಲೂಗಡ್ಡೆ, ಹುರುಳಿಕಾಯಿ, ಬಾಳೆ ಬೆಳೆಯೋ ರೈತರ ಹೊಲಗಳು. ಕೃಷಿಯನ್ನೇ ನಂಬಿದ ಆಫ್ರಿಕಾದ ಅತ್ಯಂತ ದಟ್ಟ ಜನವಸತಿಗಳಲ್ಲಿ ಇದೂ ಒಂದು. ಕಾಡು ಮುಗಿಯೋ ಗೆರೆಯಲ್ಲೇ ಹೊಲ ಶುರುವಾಗುತ್ತೆ.

ಹೊರಗಿನ ಪ್ರಪಂಚಕ್ಕೆ ಈ ಪ್ರಾಣಿ ಗೊತ್ತಾಗಿದ್ದು 1902ರಲ್ಲಿ. ರಾಬರ್ಟ್ ಫಾನ್ ಬೆರಿಂಗೆ ಅನ್ನೋ ಜರ್ಮನ್ ಸೇನಾಧಿಕಾರಿ ಸಬಿನ್ಯೋ ಬೆಟ್ಟ ಹತ್ತುವಾಗ ಎರಡು ಗೊರಿಲ್ಲಾಗಳಿಗೆ ಗುಂಡು ಹೊಡೆದ. ವೈಜ್ಞಾನಿಕ ಹೆಸರಿನಲ್ಲಿ ಇವತ್ತಿಗೂ ಅವನ ಹೆಸರೇ ಇದೆ, ಗೊರಿಲ್ಲಾ ಬೆರಿಂಗೈ. ತನ್ನನ್ನು ಕೊಂದವನ ಹೆಸರನ್ನು ಹೊತ್ತು ಬದುಕ್ತಿದೆ ಈ ಪ್ರಾಣಿ. ನನಗಂತೂ ಇದನ್ನು ಓದಿದಾಗ ಬೇಸರವಾಯ್ತು.

1925ರಲ್ಲಿ ಬೆಲ್ಜಿಯನ್ನರು ಇಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. ಇವತ್ತಿನ ವಿರುಂಗ ಅದೇ, ಆಫ್ರಿಕಾದ ಮೊದಲ ರಾಷ್ಟ್ರೀಯ ಉದ್ಯಾನ. ಕಾಗದದ ಮೇಲೆ ರಕ್ಷಣೆ ಇತ್ತು, ಕಾಡು ಮಾತ್ರ ಕರಗ್ತಾ ಹೋಯ್ತು. 1960ರ ದಶಕದ ಕೊನೆಯಲ್ಲಿ ರುವಾಂಡದ ಭಾಗದಿಂದ ದೊಡ್ಡ ತುಂಡನ್ನೇ ಕತ್ತರಿಸಿ ಪೈರೆಥ್ರಮ್ ಹೂವಿನ ಬೇಸಾಯಕ್ಕೆ ಕೊಟ್ಟರು. ಪೈರೆಥ್ರಮ್ ಅಂದರೆ ಕೀಟನಾಶಕ ತಯಾರಿಸೋ, ಸೇವಂತಿಗೆ ಜಾತಿಯ ಬಿಳಿ ಹೂವು. ಸೊಳ್ಳೆಬತ್ತಿಗೆ ಮೂಲ ಅದೇ.

1967ರಲ್ಲಿ ಅಮೆರಿಕದ ಗೊರಿಲ್ಲಾ ಸಂಶೋಧಕಿ ಡಯಾನ್ ಫಾಸಿ ಕರಿಸಿಂಬಿ, ಬಿಸೋಕೆ ಅನ್ನೋ ಎರಡು ಬೆಟ್ಟಗಳ ನಡುವೆ ಡೇರೆ ಹಾಕಿ, ಎರಡರ ಹೆಸರನ್ನೂ ಕೂಡಿಸಿ ಕರಿಸೋಕೆ ಅನ್ನೋ ಸಂಶೋಧನಾ ಕೇಂದ್ರ ಶುರು ಮಾಡಿದರು. ಆಕೆಗೆ ತುಂಬ ಹತ್ತಿರವಾಗಿದ್ದ ಡಿಜಿಟ್ ಅನ್ನೋ ಗಂಡು ಗೊರಿಲ್ಲಾವನ್ನು 1977ರ ಕೊನೆಯ ದಿನ ಕಳ್ಳಬೇಟೆಗಾರರು ಕೊಂದರು. 1985ರ ಡಿಸೆಂಬರ್‌ನಲ್ಲಿ ಫಾಸಿಯ ಕೊಲೆಯೂ ಅದೇ ಬೆಟ್ಟದ ಗುಡಿಸಲಲ್ಲಿ ಆಯ್ತು. 1981ರ ಎಣಿಕೆಯಲ್ಲಿ ಇಡೀ ವಿರುಂಗ ಸಾಲಿನಲ್ಲಿ ಉಳಿದಿದ್ದು 254 ಗೊರಿಲ್ಲಾ.

[ತೆರೆಯ ಮೇಲೆ ದೊಡ್ಡದಾಗಿ: 254. ಎರಡು ಕ್ಷಣ ಮೌನ.]

ಈಗ ಪರ್ಮಿಟ್ ಕಥೆಗೆ ಬರ್ತೀನಿ. 1970ರ ದಶಕದ ಕೊನೆಯಲ್ಲಿ ರುವಾಂಡದ ಪಾರ್ಕಿನಿಂದ ಇನ್ನೂ 5,000 ಹೆಕ್ಟೇರ್ ಕಡಿದು ದನ ಸಾಕೋಣ ಅನ್ನೋ ಯೋಜನೆ ಬಂತು. ಬಡ ದೇಶ, ಭೂಮಿಯಿಲ್ಲದ ಜನ. ಅವರ ಮುಂದೆ ನಿಂತು "ಪ್ರಾಣಿ ಚೆನ್ನಾಗಿದೆ, ಬಿಟ್ಟುಬಿಡಿ" ಅಂದರೆ ಹೊಟ್ಟೆ ತುಂಬಲ್ಲ. ಬಿಲ್ ವೆಬರ್, ಏಮಿ ವೆಡರ್ ಅನ್ನೋ ಅಮೆರಿಕದ ಸಂಶೋಧಕ ದಂಪತಿ ಬೇರೆ ಲೆಕ್ಕ ಮುಂದಿಟ್ಟರು: ಗೊರಿಲ್ಲಾ ನೋಡೋಕೆ ಬರೋರಿಂದ ದುಡ್ಡು ತಗೊಳ್ಳೋಣ, ಆಗ ಕಾಡು ಉಳಿದರೇನೇ ದೇಶಕ್ಕೆ ಲಾಭ. 1979ರಲ್ಲಿ ಆ ಕೆಲಸ ಶುರುವಾಯ್ತು. ಫಾಸಿಗೆ ಪ್ರವಾಸಿಗರು ಬರೋದು ಸ್ವಲ್ಪವೂ ಇಷ್ಟವಿರಲಿಲ್ಲ. ಅವರ ಆತಂಕ ಸುಳ್ಳಾಗಿರಲಿಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ಆದರೆ ದನದ ಯೋಜನೆ ನಿಂತಿತು, ಕಾಡು ಉಳಿಯಿತು.

[ದೃಶ್ಯ: ಬೆಳಗಿನ ಜಾವ. ತಲೆಗೆ ಟಾರ್ಚ್ ಕಟ್ಟಿಕೊಂಡು, ಕೈಯಲ್ಲಿ ಮಚ್ಚು ಹಿಡಿದು ನಡೆಯುವ ನಾಲ್ಕು ಜನ.]

ಇವರು ಟ್ರ್ಯಾಕರ್‌ಗಳು. ನೀವು ತಿಂಡಿಗೆ ಕೂರೋ ಮೊದಲೇ ಇವರು ಕಾಡಲ್ಲಿರ್ತಾರೆ. ಗೊರಿಲ್ಲಾ ಪ್ರತಿ ಸಂಜೆ ಹೊಸದಾಗಿ ಹಾಸಿಗೆ ಮಾಡಿಕೊಳ್ಳುತ್ತೆ. ಕೊಂಬೆ, ಎಲೆ ಬಗ್ಗಿಸಿ ಮಾಡಿದ ಗೂಡು, ಒಂದು ರಾತ್ರಿಗೆ ಮಾತ್ರ. ಹಾಗಾಗಿ ಟ್ರ್ಯಾಕರ್‌ಗಳು ನಿನ್ನೆ ಗುಂಪನ್ನು ಬಿಟ್ಟುಬಂದ ಜಾಗದಿಂದ ಹೊರಟು, ರಾತ್ರಿಯ ಗೂಡು ಹುಡುಕಿ, ಲದ್ದಿ ಎಷ್ಟು ಹಸಿ ಇದೆ, ಮುರಿದ ದಂಟು ಎಷ್ಟು ಬಾಡಿದೆ ನೋಡಿ ಗುಂಪಿನ ಜಾಡು ಹಿಡೀತಾರೆ. ಸಿಕ್ಕಿದ ಮೇಲೆ ನಿಮ್ಮ ಗೈಡ್‌ಗೆ ವೈರ್‌ಲೆಸ್‌ನಲ್ಲಿ ಸುದ್ದಿ.

ಈ ಗೊರಿಲ್ಲಾಗಳು ಮನುಷ್ಯರನ್ನು ಕಂಡರೆ ಓಡಲ್ಲ ಯಾಕೆ? ಅದಕ್ಕೂ ಇವರೇ ಕಾರಣ. ಹೊಸ ಗುಂಪಿಗೆ ಮನುಷ್ಯರ ಅಭ್ಯಾಸ ಮಾಡಿಸೋಕೆ ಎರಡು ಮೂರು ವರ್ಷ ಬೇಕು. ದಿನವೂ ಹೋಗಬೇಕು. ಶುರುವಿನಲ್ಲಿ ಗುಂಪು ಓಡಿಹೋಗುತ್ತೆ, ಗಂಡು ಅಬ್ಬರಿಸಿ ಮೇಲೆ ನುಗ್ಗುತ್ತೆ. ಇವರು ತಲೆ ತಗ್ಗಿಸಿ, ಕೂತು, ಸೊಪ್ಪು ಅಗಿಯೋ ಹಾಗೆ ಮಾಡ್ತಾರೆ. ಗಂಟಲಲ್ಲಿ "ಹ್ಞೂಂ... ಹ್ಞ್" ಅಂತ ಸಣ್ಣಗೆ ಸದ್ದು ಮಾಡ್ತಾರೆ. ಗೊರಿಲ್ಲಾ ಭಾಷೆಯಲ್ಲಿ ಅದು "ನಾನೇ ಕಣೋ, ಏನೂ ತೊಂದರೆ ಇಲ್ಲ" ಅಂದ ಹಾಗೆ. ನೀವು ಹೋದ ದಿನವೂ ಗೈಡ್ ಇದೇ ಸದ್ದು ಮಾಡ್ತಾರೆ, ಕಿವಿಗೊಟ್ಟು ಕೇಳಿ.

ಪ್ರವಾಸಿಗರ ದಿನ ಶುರುವಾಗೋದು ಬೆಳಿಗ್ಗೆ ಏಳು ಏಳೂವರೆಗೆ. ಒಂದು ಗೊರಿಲ್ಲಾ ಗುಂಪಿಗೆ ದಿನಕ್ಕೆ ಎಂಟೇ ಜನ, ಅದೂ ಒಂದೇ ಸಲ. 15 ವರ್ಷದ ಒಳಗಿನ ಮಕ್ಕಳಿಗೆ ಪ್ರವೇಶ ಇಲ್ಲ. ನಡಿಗೆ ಅರ್ಧ ಗಂಟೆಯಲ್ಲೂ ಮುಗಿಯಬಹುದು, ಐದಾರು ಗಂಟೆಯೂ ಹಿಡಿಯಬಹುದು. ಬ್ವಿಂಡಿಯಲ್ಲಿ ದಾರಿ ಅಂತ ಇರಲ್ಲ. ಮುಂದಿನವರು ಮಚ್ಚಿನಿಂದ ಬಳ್ಳಿ ಕಡಿದಷ್ಟು ದಾರಿ. ಕಾಲಿಟ್ಟರೆ ಕೆಳಗೆ ನೆಲ ಸಿಗಲ್ಲ, ಬಳ್ಳಿಯ ಹಾಸು ಸಿಗುತ್ತೆ. ತುರಿಕೆ ಗಿಡ ಬಟ್ಟೆ ದಾಟಿ ಚುಚ್ಚುತ್ತೆ, ಕೈಗವಸು ಬೇಕೇ ಬೇಕು. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಇರುವೆ ಸಾಲು ದಾಟಬೇಕಾಗುತ್ತೆ.

ಒಂದು ಮಾತು ಕೇಳ್ಕೊಳ್ತೀನಿ. ಪೋರ್ಟರ್ ಬೇಡ ಅನ್ನಬೇಡಿ. ನಿಮ್ಮ ಚೀಲ ಹಗುರವಾಗಿದ್ದರೂ ಇಟ್ಟುಕೊಳ್ಳಿ. ಅವರು ಪಕ್ಕದ ಹಳ್ಳಿಯವರು. ನೀವು ಕೊಡೋ ಪರ್ಮಿಟ್ ದುಡ್ಡು ದೊಡ್ಡ ದಾರಿ ಸುತ್ತಿ ಹೋಗುತ್ತೆ, ಪೋರ್ಟರ್ ಕೂಲಿ ಮಾತ್ರ ಅದೇ ಸಂಜೆ ಒಂದು ಮನೆ ತಲುಪುತ್ತೆ.

[ದೃಶ್ಯ: ಮಾಸ್ಕ್ ಹಾಕಿದ ಪ್ರವಾಸಿಗರು. ಒಂದು ಮರಿ ಇವರತ್ತಲೇ ಬರ್ತಿದೆ, ಗೈಡ್ ಎಲ್ಲರನ್ನೂ ಹಿಂದಕ್ಕೆ ಸರಿಸ್ತಿದ್ದಾರೆ.]

ಇಲ್ಲಿ ಮರಿ ಮುದ್ದಾಗಿ ಹತ್ತಿರ ಬರ್ತಿದೆ, ಗೈಡ್ ಮಾತ್ರ ಜನರನ್ನು ಹಿಂದಕ್ಕೆ ತಳ್ತಿದ್ದಾರೆ. ಕಾರಣ ಇಲ್ಲಿದೆ: ಅಪಾಯ ಗೊರಿಲ್ಲಾದಿಂದ ನಮಗಲ್ಲ, ನಮ್ಮಿಂದ ಅದಕ್ಕೆ. ಅದರ ಡಿಎನ್‌ಎ ನಮ್ಮದಕ್ಕೆ ಶೇ. 98ರಷ್ಟು ಹೊಂದುತ್ತೆ, ಅಂದರೆ ನಮ್ಮ ಕಾಯಿಲೆಗಳೂ ಹೊಂದುತ್ತವೆ. ನಮಗೆ ಎರಡು ದಿನದ ನೆಗಡಿ, ಅದಕ್ಕೆ ಪ್ರಾಣ ತೆಗೆಯೋ ನ್ಯುಮೋನಿಯಾ ಆಗಬಹುದು. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಹತ್ತಿತು. ಕೂದಲು ಉದುರಿ ಮೈ ಹುಣ್ಣಾಗಿ, ಒಂದು ಮರಿ ಸತ್ತೇಹೋಯ್ತು. ಚಿಕಿತ್ಸೆ ಮಾಡಿದ್ದು ಗ್ಲಾಡಿಸ್ ಕಲೇಮಾ-ಜಿಕುಸೋಕಾ ಅನ್ನೋ ಯುವ ಪಶುವೈದ್ಯೆ. ಕಜ್ಜಿ ಬಂದಿದ್ದು ಹೊಲದ ಬೆದರುಬೊಂಬೆಗೆ ತೊಡಿಸಿದ ಹಳೇ ಬಟ್ಟೆಯಿಂದ ಇರಬೇಕು ಅನ್ನೋ ತೀರ್ಮಾನಕ್ಕೆ ಬಂದರು. ಹಾಗಾದರೆ ಹಳ್ಳಿಯ ಮಗುವಿನ ಕಜ್ಜಿ ವಾಸಿ ಮಾಡದೆ ಕಾಡಿನ ಮರಿಯನ್ನು ಉಳಿಸೋಕೆ ಆಗಲ್ಲ. 2003ರಲ್ಲಿ ಆಕೆ ಕಟ್ಟಿದ ಸಂಸ್ಥೆ ಇವತ್ತಿಗೂ ಗೊರಿಲ್ಲಾ ಆರೋಗ್ಯವನ್ನೂ ಸುತ್ತಲಿನ ಹಳ್ಳಿಗಳ ಆರೋಗ್ಯವನ್ನೂ ಒಟ್ಟಿಗೆ ನೋಡಿಕೊಳ್ಳುತ್ತೆ. ಈ ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಗೌರವ ಇರೋದು ಆಕೆಯ ಮೇಲೆ.

ಫಾಸಿಯ ಆತಂಕ ನಿಜವಾಗಿತ್ತು ಅಂದಿದ್ದು ಇದಕ್ಕೇ. ಒಂದು ಗಂಟೆ, ಎಂಟು ಜನ ಅನ್ನೋ ಮಿತಿ ಈ ಭಯದಿಂದ ಬಂದಿದ್ದು. ದೂರ ಮೊದಲು ಏಳು ಮೀಟರ್ ಇತ್ತು, ಕೋವಿಡ್ ನಂತರ ಹತ್ತು ಮೀಟರ್ ಆಯ್ತು, ಮಾಸ್ಕೂ ಬಂತು. ನೆಗಡಿ, ಜ್ವರ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ದುಡ್ಡು ಕಟ್ಟಿ ಅಷ್ಟು ದೂರ ಬಂದ ಮೇಲೆ ಹೇಳೋಕೆ ಮನಸ್ಸು ಬರಲ್ಲ, ನನಗೆ ಅರ್ಥವಾಗುತ್ತೆ. ಆದರೂ ಹೇಳಿಬಿಡಿ.

ಗಂಡು ಎದೆ ಬಡಿದುಕೊಂಡರೆ ಹೆದರಿ ಓಡಬೇಡಿ. ನಿಂತಲ್ಲೇ ಕುಕ್ಕರಗಾಲಲ್ಲಿ ಕೂತು ಕಣ್ಣು ತಗ್ಗಿಸಿ. ಅದು ಮುಷ್ಟಿಯಿಂದ ಬಡಿಯಲ್ಲ, ಅಂಗೈಯನ್ನು ಬೊಗಸೆ ಮಾಡಿ ಬಡಿಯುತ್ತೆ. ದೊಡ್ಡ ಮೈಯ ಗಂಡಿನ ಸದ್ದಿನ ಶ್ರುತಿ ತಗ್ಗಿರುತ್ತೆ ಅಂತ 2021ರಲ್ಲಿ ರುವಾಂಡದ ಗೊರಿಲ್ಲಾಗಳ ಮೇಲೆ ನಡೆದ ಅಧ್ಯಯನ ತೋರಿಸಿತು. ಎದುರಾಳಿಗೆ ಕಾಡಿನ ಮರೆಯಿಂದಲೇ "ನನ್ನ ಗಾತ್ರ ಇಷ್ಟು" ಅಂತ ಹೇಳೋ ರೀತಿ ಅದು. ಜಗಳ ತಪ್ಪಿಸೋ ಉಪಾಯ.

[ತೆರೆಯ ಮೇಲೆ: 2020]

ಪ್ರವಾಸಿಗರು ಬರದೇ ಹೋದರೆ ಏನಾಗುತ್ತೆ? 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಗೊರಿಲ್ಲಾ ಪ್ರವಾಸ ನಿಂತುಹೋಯ್ತು. ಹಳ್ಳಿಗಳಲ್ಲಿ ಆದಾಯ ಬತ್ತಿತು, ಹೊಟ್ಟೆಪಾಡಿಗೆ ಕಾಡೊಳಗೆ ಉರುಳು ಹಾಕೋರು ಹೆಚ್ಚಾದರು. ಜೂನ್‌ನಲ್ಲಿ ಬ್ವಿಂಡಿಯ ಎನ್ಕುರಿಂಗೊ ಗುಂಪಿನ ಯಜಮಾನ ರಫಿಕಿಯ ಹೆಣ ಸಿಕ್ಕಿತು, ಈಟಿ ತಿವಿದ ಗಾಯದೊಂದಿಗೆ. ರಫಿಕಿ ಅಂದರೆ ಸ್ವಾಹಿಲಿಯಲ್ಲಿ ಗೆಳೆಯ. ಸಣ್ಣ ಪ್ರಾಣಿಗಳ ಬೇಟೆಗೆ ಬಂದವನಿಗೆ ಎದುರಾಗಿತ್ತು. ಮನುಷ್ಯರನ್ನು ನಂಬೋಕೆ ಕಲಿಸಿದ್ದೆವು, ಆ ನಂಬಿಕೆಯೇ ಅದನ್ನು ಹತ್ತಿರ ತಂದಿರಬಹುದು ಅನ್ನೋ ಯೋಚನೆ ನನ್ನನ್ನು ಕಾಡುತ್ತೆ. ಕೊಂದವನಿಗೆ 11 ವರ್ಷ ಜೈಲಾಯ್ತು.

ಇಷ್ಟೆಲ್ಲದರ ನಡುವೆಯೂ ಎಣಿಕೆ ಏರಿದೆ. ವಿರುಂಗ ಸಾಲಿನಲ್ಲಿ 604, ಬ್ವಿಂಡಿ ಮತ್ತು ಅದಕ್ಕೆ ಅಂಟಿದ ಸರಾಂಬ್ವೆಯಲ್ಲಿ 459. ಒಟ್ಟು 1,063. ಹೆಣ್ಣು ಸುಮಾರು ನಾಲ್ಕು ವರ್ಷಕ್ಕೊಂದು ಮರಿ ಹಾಕುತ್ತೆ, ಹಾಗಾಗಿ ಈ ಏರಿಕೆ ಸುಲಭದ್ದಲ್ಲ. 2018ರಲ್ಲಿ ಇವನ್ನು "ತೀವ್ರ ಅಪಾಯ" ಪಟ್ಟಿಯಿಂದ "ಅಪಾಯ" ಪಟ್ಟಿಗೆ ತಂದರು.

ಆದರೆ ಈ ಗೆಲುವಿಗೆ ಬೆಲೆ ತೆತ್ತವರೂ ಇದ್ದಾರೆ, ಬಟ್ವಾ ಜನ. ತಲೆಮಾರುಗಳಿಂದ ಬ್ವಿಂಡಿ, ಮ್ಗಹಿಂಗ ಕಾಡುಗಳಲ್ಲಿ ಜೇನು, ಗೆಡ್ಡೆ, ಬೇಟೆ ನಂಬಿ ಬದುಕಿದವರು. 1991ರಲ್ಲಿ ರಾಷ್ಟ್ರೀಯ ಉದ್ಯಾನ ಆದಾಗ ಇವರನ್ನು ಹೊರಗೆ ಹಾಕಿದರು. ಹೊಲ ಇದ್ದವರಿಗೆ ಸಿಕ್ಕ ಪರಿಹಾರ ಹೊಲವೇ ಇಲ್ಲದ ಇವರಿಗೆ ಸಿಗಲಿಲ್ಲ. ಮೂವತ್ತು ವರ್ಷದ ನಂತರ, 2021ರಲ್ಲಿ ಉಗಾಂಡದ ಸಾಂವಿಧಾನಿಕ ನ್ಯಾಯಾಲಯ ಇವರಿಗೆ ಅನ್ಯಾಯವಾಗಿದೆ ಅಂತ ಹೇಳಿತು. ಉಗಾಂಡದಲ್ಲಿ ಪಾರ್ಕಿನ ಪ್ರವೇಶ ಶುಲ್ಕದ ಶೇ. 20, ಜೊತೆಗೆ ಪ್ರತಿ ಗೊರಿಲ್ಲಾ ಪರ್ಮಿಟ್‌ನಿಂದ 10 ಡಾಲರ್ ಸುತ್ತಲಿನ ಹಳ್ಳಿಗಳಿಗೆ ಅಂತ ಗೊತ್ತು ಮಾಡಿದ್ದಾರೆ. ರುವಾಂಡದಲ್ಲಿ ಪ್ರವಾಸದ ಆದಾಯದ ಶೇ. 10. ಪರ್ಮಿಟ್ ದುಬಾರಿ ಅನ್ನೋದು ಈಗ ನನ್ನ ದೂರಲ್ಲ. 800ರಲ್ಲಿ ಹಳ್ಳಿಗೆ 10 ಅನ್ನೋದೇ ನನ್ನ ದೂರು.

[ತೆರೆಯ ಮೇಲೆ: ಹೋಗೋರಿಗೆ]

ಹೋಗೋ ಆಸೆ ಇರೋರಿಗೆ ಬೇಗ ಬೇಗ ಹೇಳ್ತೀನಿ. ಮಳೆ ಕಡಿಮೆ ಇರೋದು ಜೂನ್‌ನಿಂದ ಸೆಪ್ಟೆಂಬರ್, ಡಿಸೆಂಬರ್‌ನಿಂದ ಫೆಬ್ರವರಿ. ಪರ್ಮಿಟ್ ತಿಂಗಳುಗಟ್ಟಲೆ ಮೊದಲೇ ತಗೊಳ್ಳಿ. ಕಿಗಾಲಿಯಿಂದ ರುವಾಂಡದ ಪಾರ್ಕ್ ಎರಡೂವರೆ ಗಂಟೆ ದಾರಿ, ಕಂಪಾಲಾದಿಂದ ಬ್ವಿಂಡಿ ಇಡೀ ದಿನದ ಪ್ರಯಾಣ. ಸ್ವಲ್ಪ ಸುತ್ತು ದಾರಿ ಹಿಡಿದರೆ ಕ್ವೀನ್ ಎಲಿಜಬೆತ್ ಪಾರ್ಕ್ ಸಿಗುತ್ತೆ, ಇಶಾಶಾ ಕಡೆ ಅತ್ತಿ ಮರ ಹತ್ತಿ ಮಲಗೋ ಸಿಂಹಗಳಿವೆ, ಒಂದು ದಿನ ಇಟ್ಟುಕೊಳ್ಳಿ. ಹಳದಿ ಜ್ವರದ ಲಸಿಕೆ ಹೊರಡೋ ಹತ್ತು ದಿನ ಮೊದಲಾದರೂ ಆಗಿರಬೇಕು. ಆ ಕಾರ್ಡ್ ಇಲ್ಲದೆ ಉಗಾಂಡದಿಂದ ವಾಪಸ್ ಬಂದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಕಾಂಗೋ ಕಡೆ ಪರ್ಮಿಟ್ ಅಗ್ಗ, ಆದರೆ ವಿರುಂಗವನ್ನು ಕಾಯ್ತಾ 200ಕ್ಕೂ ಹೆಚ್ಚು ಅರಣ್ಯ ರಕ್ಷಕರು ಪ್ರಾಣ ಕೊಟ್ಟಿದ್ದಾರೆ. ಅಲ್ಲಿ ಇನ್ನೂ ಯುದ್ಧ ನಡೀತಿದೆ. ಈಗ ಬೇಡ.

[ದೃಶ್ಯ: ಸಂಜೆ ಬೆಳಕು. ಕೊಂಬೆ ಬಗ್ಗಿಸಿ ಗೂಡು ಕಟ್ಟುವ ಹೆಣ್ಣು ಗೊರಿಲ್ಲಾ, ಹೊಟ್ಟೆಗೆ ಅಂಟಿಕೊಂಡ ಮರಿ.]

ಗಂಟೆ ಮುಗೀತು ಅಂತ ಗೈಡ್ ಕೈ ಎತ್ತುತ್ತಾರೆ. ನೀವು ಇಳಿದು ಬಂದ ಮೇಲೂ ಟ್ರ್ಯಾಕರ್‌ಗಳು ಗುಂಪಿನ ಹಿಂದೆ ಇನ್ನಷ್ಟು ಹೊತ್ತು ನಡೀತಾರೆ. ಕೊನೆಗೆ ಬಿಟ್ಟ ಜಾಗ ನೆನಪಿಟ್ಟುಕೊಂಡು ಮನೆಗೆ ಹೊರಡ್ತಾರೆ. ನಾಳೆ ಬೆಳಕು ಹರಿಯೋ ಮೊದಲು ಅಲ್ಲಿಂದಲೇ ಹುಡುಕಬೇಕು.