ಹೆಗಲ ಮೇಲಿನ ಪುಟ್ಟ ಅಂಕಿ

ಕೇಳುಗರಿಗೆ ನಮಸ್ಕಾರ. ರೇಡಿಯೋದಲ್ಲಿ ಕರಿಹಲಗೆ ಇಲ್ಲ. ಒಂದು ಹಾಳೆ, ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.

2 ಅಂತ ಬರೆಯಿರಿ. ಅದರ ಬಲ ಹೆಗಲ ಮೇಲೆ ಚಿಕ್ಕದಾಗಿ 5 ಬರೆಯಿರಿ. ಇದು ಎರಡರ ಘಾತ ಐದು. ಕೆಳಗಿನದು ಆಧಾರ, ಮೇಲಿನದು ಘಾತಾಂಕ. ಐದು ಎರಡುಗಳನ್ನು ಸಾಲಾಗಿಟ್ಟು ಗುಣಿಸಿ ಅಂತ ಅರ್ಥ. ಉತ್ತರ 32. ಎರಡೈದ್ಲ ಹತ್ತು ಅಂತ ಬರೆದವರು ಅಳಿಸಿಬಿಡಿ!

1637ರಲ್ಲಿ ಅಚ್ಚಾದ ಫ್ರಾನ್ಸಿನ ಗಣಿತಜ್ಞ ರೆನೆ ದೆಕಾರ್ತನ ಪುಸ್ತಕದಿಂದ ಈ ಬರವಣಿಗೆ ಹರಡಿತು. ತಮಾಷೆ ಅಂದರೆ, ವರ್ಗ, ಅಂದರೆ ಘಾತ 2, ಬಂದಾಗ ಮಾತ್ರ ಅವನು ಹೆಚ್ಚಾಗಿ ಸಂಖ್ಯೆಯ ಬದಲು ಇಟ್ಟ ಅಕ್ಷರವನ್ನೇ ಎರಡು ಸಲ ಬರೆಯುತ್ತಿದ್ದ. ಅಷ್ಟಕ್ಕೆ ಉಳಿತಾಯ ಯಾಕೆ ಅನ್ನಿಸಿತ್ತೋ ಏನೋ.

ಈಗ ಎರಡರ ಘಾತ 3ನ್ನು ಎರಡರ ಘಾತ 4ರಿಂದ ಗುಣಿಸಿ. ಮೂರು ಎರಡುಗಳ ಪಕ್ಕ ಇನ್ನೂ ನಾಲ್ಕು ಬಂದು ಕೂತವು. ಎಣಿಸಿ, ಏಳು. ಅದಕ್ಕೇ ಘಾತಾಂಕಗಳನ್ನು ಕೂಡಿಸುವುದು. ಆಧಾರ ಎರಡಾಗಿಯೇ ಇರುತ್ತದೆ, ನಾಲ್ಕಾಗುವುದಿಲ್ಲ. ಭಾಗಿಸುವಾಗ ಮೇಲೊಂದು ಕೆಳಗೊಂದು ಹೊಡೆದುಹಾಕುತ್ತೀರಿ, ಆದ್ದರಿಂದ ಕಳೆಯಬೇಕು. ಘಾತಕ್ಕೇ ಮತ್ತೆ ಘಾತ ಬಂದರೆ, ಅಂದರೆ ಎರಡರ ಘಾತ 3ಕ್ಕೆ ಮತ್ತೆ ಘಾತ 4 ಬಂದರೆ? ಒಂದೊಂದರಲ್ಲೂ ಮೂರು ಎರಡುಗಳಿರುವ ನಾಲ್ಕು ಕಟ್ಟು, ಒಟ್ಟು ಹನ್ನೆರಡು ಎರಡುಗಳು. ಇಲ್ಲಿ ಮಾತ್ರ ಗುಣಾಕಾರ.

ಜಾಸ್ತಿ ಜನ ಮುಗ್ಗರಿಸುವುದು ಸೊನ್ನೆಯ ಹತ್ತಿರ. ಎರಡನ್ನು ಸೊನ್ನೆ ಸಲ ಗುಣಿಸಿದರೆ ಸೊನ್ನೆ ಬರಬೇಕು, ಅಲ್ವಾ? ನನಗೂ ಹಾಗೇ ಅನ್ನಿಸುತ್ತಿತ್ತು. ಹಾಳೆಯ ಮೇಲೆ ಘಾತವನ್ನು ಒಂದೊಂದೇ ಇಳಿಸಿ ನೋಡಿ. ಘಾತ 5ಕ್ಕೆ 32, 4ಕ್ಕೆ 16, ಆಮೇಲೆ 8, 4, ಘಾತ 1ಕ್ಕೆ 2. ಒಂದು ಮೆಟ್ಟಿಲು ಇಳಿದಾಗಲೆಲ್ಲ ಅರ್ಧ. ಇನ್ನೊಂದು ಮೆಟ್ಟಿಲು ಇಳಿದರೆ ಘಾತ ಸೊನ್ನೆ, ಬೆಲೆ 1. ಅಲ್ಲಿಗೇ ನಿಲ್ಲಬೇಡಿ. ಘಾತ ಮೈನಸ್ 1ಕ್ಕೆ ಅರ್ಧ, ಮೈನಸ್ 2ಕ್ಕೆ ಕಾಲು. ಮೈನಸ್ ಬಂತು ಅಂತ ಉತ್ತರ ಋಣವಾಗಲಿಲ್ಲ, ಭಿನ್ನರಾಶಿಯಾಯಿತು. ಆಧಾರ ಸೊನ್ನೆಯಾದರೆ ಈ ಮೆಟ್ಟಿಲು ಇಳಿಯಲಾಗದು, ಸೊನ್ನೆಯಿಂದ ಭಾಗಿಸುವಂತಿಲ್ಲವಲ್ಲ.

ಸಂಕಲನಕ್ಕೆ ಇಂಥ ಸುಲಭದ ದಾರಿ ಇಲ್ಲ. ಎರಡರ ಘಾತ 3, ಎರಡರ ಘಾತ 4 ಕೂಡಿಸಿದರೆ 8 ಮತ್ತು 16, ಅಂದರೆ 24. ಸುಮ್ನೆ ಲೆಕ್ಕ ಹಾಕಬೇಕು, ಅಷ್ಟೇ. ಹಾಗೆಯೇ 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49. ಬೇರೆ ಬೇರೆ ವರ್ಗ ಮಾಡಿ ಕೂಡಿಸಿದರೆ 25.

ಕೊನೆಗೊಂದು ಲೆಕ್ಕ. ಮೈನಸ್ 3ರ ವರ್ಗ ಎಷ್ಟು? ಮೈನಸ್ 3ನ್ನು ಬ್ರಾಕೆಟ್ಟಿನೊಳಗೆ ಇಟ್ಟವರಿಗೆ 9, ಇಡದೆ ಬರೆದವರಿಗೆ ಮೈನಸ್ 9. ನಾನು ಹೇಳಿದ್ದು ಒಂದೇ ಮಾತು. ನಿಮ್ಮ ಹಾಳೆಯಲ್ಲಿ ಏನಿದೆ, ನೋಡಿಕೊಳ್ಳಿ. ನಮಸ್ಕಾರ.