ಹೊಸ ಆಯಿಲ್ ವಾರದೊಳಗೇ ಕಪ್ಪಾಗುವುದೇಕೆ?

[ದೃಶ್ಯ: ಬಿಳಿ ಕಾಗದದ ಮೇಲೆ ಡಿಪ್‌ಸ್ಟಿಕ್‌ನಿಂದ ಬಿದ್ದ ಒಂದು ಹನಿ]

ನಮಸ್ಕಾರ. ಕಡೂರಿನ ವೀಕ್ಷಕರೊಬ್ಬರು ಕೇಳಿದ್ದಾರೆ: "ಡೀಸೆಲ್ ಕಾರಿಗೆ ಮನೆಯಲ್ಲೇ ಹೊಸ ಆಯಿಲ್ ಹಾಕಿದೆ. ವಾರ ಕಳೆಯುವಷ್ಟರಲ್ಲಿ ಮಸಿಯಂತೆ ಕಪ್ಪಾಗಿದೆ. ಅಂಗಡಿಯವರು ನನಗೆ ಟೋಪಿ ಹಾಕಿದರೇ?"

ಬಣ್ಣವೊಂದನ್ನೇ ನೋಡಿ ಹಾಗೆ ಹೇಳಲಾಗದು. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಅದು ಎಂಜಿನ್ನಿನ ಗೋಡೆಗೆ ಅಂಟದಂತೆ ಹಿಡಿದು ತೇಲಿಸಿಡುವ ರಾಸಾಯನಿಕಗಳು ಆಯಿಲ್‌ನಲ್ಲೇ ಇವೆ. ಆಯಿಲ್ ಕಪ್ಪಾಯಿತೆಂದರೆ ಅವು ಕೆಲಸ ಮಾಡುತ್ತಿವೆ.

[ದೃಶ್ಯ: ಹಿತ್ತಾಳೆಯ ಕಾಫಿ ಫಿಲ್ಟರ್, ಪಕ್ಕದಲ್ಲಿ ಕೊಯ್ದು ತೆರೆದ ಹಳೆಯ ಆಯಿಲ್ ಫಿಲ್ಟರ್]

ಹಾಗಾದರೆ ಫಿಲ್ಟರ್ ಆ ಮಸಿಯನ್ನು ಏಕೆ ತಡೆಯುವುದಿಲ್ಲ? ಚಿಕ್ಕಮಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ. ಕಾಫಿ ಫಿಲ್ಟರಿನಲ್ಲಿ ಚರಟ ಮೇಲೆ ಉಳಿಯುತ್ತದೆ, ಕಪ್ಪು ಡಿಕಾಕ್ಷನ್ ಕೆಳಗಿಳಿಯುತ್ತದೆ. ಇಲ್ಲೂ ಹಾಗೆಯೇ. ಲೋಹದ ಚೂರು, ಗಟ್ಟಿ ಕೊಳೆ ಕಾಗದದ ಮಡಿಕೆಗಳಲ್ಲಿ ನಿಲ್ಲುತ್ತವೆ. ಮಸಿಯ ಕಣ ಒಂದು ಮೈಕ್ರಾನ್‌ಗಿಂತಲೂ ಸಣ್ಣದು, ನುಸುಳಿಹೋಗುತ್ತದೆ.

ಈ ಕೊಯ್ದ ಡಬ್ಬಿಯನ್ನು ಹತ್ತಿರದಿಂದ ನೋಡಿ. ಆಯಿಲ್ ಅಂಚಿನ ಸಣ್ಣ ತೂತುಗಳಿಂದ ಒಳಬಂದು, ಕಾಗದ ದಾಟಿ, ನಡುವಿನ ದೊಡ್ಡ ತೂತಿನಿಂದ ಎಂಜಿನ್ನಿಗೆ ಮರಳುತ್ತದೆ. ತಳದಲ್ಲಿ ಒಂದು ಪುಟ್ಟ ಸ್ಪ್ರಿಂಗ್ ಕಾಣುತ್ತಿದೆಯಲ್ಲ, ನನ್ನನ್ನು ಬಹಳ ದಿನ ಕಾಡಿದ್ದು ಅದೇ. ಪುಡಿ ತೀರಾ ನುಣ್ಣಗಾಗಿ ಡಿಕಾಕ್ಷನ್ ಇಳಿಯದಿದ್ದರೆ ನಾವು ಫಿಲ್ಟರನ್ನು ತಟ್ಟುತ್ತೇವೆ, ಕಾಯುತ್ತೇವೆ. ಎಂಜಿನ್ ಕಾಯಲಾರದು. ಬೇರಿಂಗಿಗೆ ಆಯಿಲ್ ತಲುಪದೆ ಸ್ವಲ್ಪ ಹೊತ್ತು ಓಡಿದರೂ ಅದು ಹಾಳಾಗುತ್ತದೆ. ಅದಕ್ಕಾಗಿ ಕಾಗದ ಕಟ್ಟಿಕೊಂಡಾಗ ಒತ್ತಡಕ್ಕೆ ಈ ಸ್ಪ್ರಿಂಗ್ ಬಾಗುತ್ತದೆ, ಬೈಪಾಸ್ ವಾಲ್ವ್ ತೆರೆಯುತ್ತದೆ, ಸೋಸದ ಆಯಿಲ್ ನೇರವಾಗಿ ಎಂಜಿನ್ನಿಗೆ ಹರಿಯುತ್ತದೆ. ಆಯಿಲ್ ಇಲ್ಲದಿರುವುದಕ್ಕಿಂತ ಕೊಳೆ ಆಯಿಲ್ ಮೇಲು ಎಂಬ ಲೆಕ್ಕಾಚಾರ. ಇದು ತೆರೆದಿದೆ ಎಂದು ಹೇಳುವ ದೀಪ ಡ್ಯಾಶ್‌ಬೋರ್ಡಿನಲ್ಲಿ ಇಲ್ಲ. ಆಯಿಲ್ ಬದಲಿಸಿ ಫಿಲ್ಟರ್ ಉಳಿಸಿಕೊಳ್ಳಬೇಡಿ ಎಂದು ನಾನು ಪಟ್ಟುಹಿಡಿಯುವುದು ಇದಕ್ಕೇ.

[ದೃಶ್ಯ: ಕಾರಿನ ಅಡಿಭಾಗ]

ಸಮಯ ಓಡುತ್ತಿದೆ, ಕೆಲಸವನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಮಳೆ ಬಿದ್ದ ಮಣ್ಣಿನ ಅಂಗಳದಲ್ಲಿ ಜಾಕ್ ಕುಸಿಯುತ್ತದೆ. ಸಿಮೆಂಟ್ ನೆಲವೇ ಆಗಬೇಕು. ಬರೀ ಜಾಕ್ ನಂಬಿ ಕಾರಿನಡಿ ನುಸುಳಬೇಡಿ, ಸ್ಟ್ಯಾಂಡ್ ಕೊಡಿ. ಎಂಜಿನ್ ಐದು ನಿಮಿಷ ಓಡಿಸಿ ಆರಿಸಿ. ಬೆಚ್ಚಗಿನ ಆಯಿಲ್ ಚೆನ್ನಾಗಿ ಇಳಿಯುತ್ತದೆ. ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ಬಳೆಯೂ ಜೊತೆಗೆ ಬಂದಿದೆಯೇ ನೋಡಿ. ಹಳೆಯ ಬಳೆ ಎಂಜಿನ್ನಿಗೆ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ ಆಯಿಲ್ ಸೋರಿಹೋಗುತ್ತದೆ. ಹೊಸ ಬಳೆಗೆ ಒಂದು ಬೆರಳು ಆಯಿಲ್ ಸವರಿ ಕೈಯಿಂದಲೇ ಬಿಗಿಮಾಡಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಎಷ್ಟು ಲೀಟರ್, ಯಾವ ಗ್ರೇಡ್ ಎಂಬುದು ಕಾರಿನ ಕೈಪಿಡಿಯಲ್ಲಿದೆ. 5ಡಬ್ಲ್ಯೂ-30ರಲ್ಲಿ 'ಡಬ್ಲ್ಯೂ' ಎಂದರೆ ವಿಂಟರ್, ಚಳಿಗಾಲ. ವಾರಂಟಿ ಇದ್ದರೆ ಬಿಲ್ ಜೋಪಾನ.

[ದೃಶ್ಯ: ಮುಚ್ಚಳ ಹಾಕಿದ ಕ್ಯಾನ್]

ಇನ್ನು ಇಳಿಸಿದ ಆಯಿಲ್. ಗೆದ್ದಲು ಹತ್ತದಿರಲೆಂದು ಬೇಲಿಗೂಟಕ್ಕೆ ಬಳಿಯುವುದು ನಮ್ಮ ತೋಟಗಳ ಹಳೆಯ ರೂಢಿ. ದಯವಿಟ್ಟು ಬಿಡಿ. 2016ರ ನಿಯಮಗಳ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಮಲೆನಾಡಿನ ಮಳೆಗೆ ಗೂಟದಿಂದ ಮಣ್ಣಿಗೆ, ಮಣ್ಣಿನಿಂದ ಹಳ್ಳಕ್ಕೆ ಇಳಿಯುತ್ತದೆ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರು ದಾಟಿ ಗೊರೂರಿನ ಬಳಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. ನಮ್ಮ ಹಳ್ಳದ ನೀರನ್ನು ಕುಡಿಯುವವರು ಕೆಳಗೆ ಬಹಳ ಮಂದಿ ಇದ್ದಾರೆ.

ನಾನು ಹೊಸ ಆಯಿಲ್ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ಮರುಬಳಕೆದಾರರಿಗೆ ಕಳಿಸುವ ಗ್ಯಾರೇಜಿಗೆ ಕೊಡುತ್ತೇನೆ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಹೀಗೆ ತೆಗೆದುಕೊಳ್ಳುವವರು ಯಾರಿದ್ದಾರೆ? ಗೊತ್ತಿದ್ದವರು ಕಮೆಂಟಿನಲ್ಲಿ ಬರೆಯಿರಿ, ಪಟ್ಟಿ ಮಾಡಿ ಎಲ್ಲರಿಗೂ ಕಾಣುವಂತೆ ಮೇಲೆ ಹಾಕುತ್ತೇನೆ.