ಓದುತ್ತಿರುವಾಗಲೇ ಹೋಮ್ ಲೋನ್: ಸಹಿ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಓದುತ್ತಿರುವಾಗಲೇ ಹೋಮ್ ಲೋನ್ ಸಿಗುತ್ತಾ? ಸಂಬಳ ಇಲ್ಲದೆ, ನಿಮ್ಮೊಬ್ಬರ ಹೆಸರಿನಲ್ಲಿ ಸಿಗುವುದಿಲ್ಲ. ಅಪ್ಪನೋ ಅಮ್ಮನೋ ಜೊತೆಗೆ ನಿಂತರೆ ಸಿಗುತ್ತದೆ. ಈ ಎರಡನೆಯದರ ಬಗ್ಗೆ ನಾನು ಜಾಸ್ತಿ ಮಾತಾಡಬೇಕು. ನಮ್ಮ ಮನೆಗಳಲ್ಲಿ ಮಕ್ಕಳೇ ಸಾಲ ಬೇಕು ಅಂತ ಬ್ಯಾಂಕಿಗೆ ಹೋಗುವುದು ಕಡಿಮೆ. ಅಪ್ಪ ಕರೆದುಕೊಂಡು ಹೋಗಿ ಸಹಿ ಹಾಕಿಸುವುದೇ ಹೆಚ್ಚು, ಅಲ್ವಾ?

ಮೊದಲು ಬ್ಯಾಂಕಿನವರು ಏನು ನೋಡುತ್ತಾರೆ ಅಂತ ತಿಳಿದುಕೊಳ್ಳೋಣ. 18 ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಮಾಡಿಕೊಂಡ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಆಮೇಲೆ, ತಿಂಗಳಿಗೆ ಎಷ್ಟು ದುಡ್ಡು ಬರುತ್ತದೆ, ಇನ್ನೂ ಎಷ್ಟು ವರ್ಷ ಬರುತ್ತದೆ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬ್ಯಾಂಕಿನ ಲೆಕ್ಕದಲ್ಲಿ ಅವರು ಸಂಬಳದಾರರು. ಸ್ಯಾಲರಿ ಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಗೆ ಕೆಲಸ ಕೊಟ್ಟವರು ಕೊಡುವ ಪತ್ರ), ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಅರ್ಜಿ ಹಾಕಬಹುದು. ಕ್ಯಾಂಪಸ್‌ನಲ್ಲಿ ಸಿಕ್ಕ ಆಫರ್ ಲೆಟರ್ ಮಾತ್ರ ಸಂಬಳ ಅಲ್ಲ. ಕೆಲಸಕ್ಕೆ ಸೇರಿ, ಅಕೌಂಟಿಗೆ ಸಂಬಳ ಬೀಳತೊಡಗಿದ ಮೇಲೆ ಮಾತು.

ಪಿಎಚ್‌ಡಿ ಮಾಡುವವರ ತೊಡಕು ಬೇರೆ. 2023ರ ಜನವರಿಯಿಂದ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಕಿರಿಯ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಇಷ್ಟೇ ಸಂಬಳ ಇರುವವರಿಗೆ ಸಾಲ ಆಗುತ್ತದೆ, ನಮಗೆ ಯಾಕಿಲ್ಲ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಡ್ಡಿ ಇರುವುದು ಇಲ್ಲಿ: ಫೆಲೋಶಿಪ್ ಕೆಲವೇ ವರ್ಷಕ್ಕೆ ಮುಗಿಯುತ್ತದೆ, ಸಾಲ 20 ವರ್ಷದ್ದು. ಜೊತೆಗೆ, ಓದಿಗಾಗಿ ಕೊಡುವ ಸ್ಕಾಲರ್‌ಶಿಪ್‌ಗೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಸಂಬಳದವರ ಕೈಯಲ್ಲಿರುವ ಫಾರ್ಮ್ 16 ನಿಮ್ಮ ಕೈಯಲ್ಲಿ ಇರುವುದಿಲ್ಲ. ತಿಂಗಳು ತಪ್ಪದೆ ದುಡ್ಡು ಬಂದರೂ ಅದನ್ನು ಬ್ಯಾಂಕಿನವರು ಕೇಳುವ ಕಾಗದದಲ್ಲಿ ತೋರಿಸುವುದು ಕಷ್ಟ. ಲ್ಯಾಬಿನಲ್ಲಿ ಹಗಲು ರಾತ್ರಿ ದುಡಿಯುವವರಿಗೆ ಇದು ಅನ್ಯಾಯ ಅಂತಲೇ ನನಗೆ ಅನ್ನಿಸುತ್ತದೆ.

ಈಗ ಲೆಕ್ಕ. ಕೆಂಗೇರಿ ಕಡೆ 60 ಲಕ್ಷದ ಒಂದು ಫ್ಲಾಟ್ ಅಂದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕಿಂತ ದೊಡ್ಡ ಸಾಲಕ್ಕೆ ಶೇ 75 ಮಾತ್ರ ಕೊಡಬಹುದು. ಅಂದರೆ ಈ ಫ್ಲಾಟಿಗೆ ಹೆಚ್ಚೆಂದರೆ 48 ಲಕ್ಷ. ಉಳಿದ 12 ಲಕ್ಷ ಕೈಯಿಂದ. ಅಲ್ಲಿಗೆ ಮುಗಿಯಲಿಲ್ಲ. ಕರ್ನಾಟಕದಲ್ಲಿ ಈ ಬೆಲೆಯ ಮನೆಗೆ ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ರಿಜಿಸ್ಟ್ರೇಷನ್ ಫೀ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಇನ್ನೂ ಸುಮಾರು ನಾಲ್ಕೂವರೆ ಲಕ್ಷ. ಇದಕ್ಕೆ ಹೋಮ್ ಲೋನ್ ಬರುವುದಿಲ್ಲ. ಊರಲ್ಲಿ ಜಮೀನು ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂದರೆ ಇಲ್ಲಿಗೆ.

ಕಂತು ನೋಡಿ. 48 ಲಕ್ಷಕ್ಕೆ ಶೇ 8.5 ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 41,700 ರೂಪಾಯಿ. ಆದರೆ ಅಪ್ಪನಿಗೆ 50 ವರ್ಷ, ಸರ್ಕಾರಿ ಕೆಲಸ, 60ಕ್ಕೆ ನಿವೃತ್ತಿ ಅಂದುಕೊಳ್ಳಿ. ಬ್ಯಾಂಕ್ 10 ವರ್ಷವೇ ಕೊಟ್ಟರೆ ಕಂತು 59,500ಕ್ಕೆ ಹೋಗುತ್ತದೆ. ಪೆನ್ಷನ್ ಇದ್ದರೆ 70ರವರೆಗೆ ಎಳೆಯುವ ಬ್ಯಾಂಕುಗಳಿವೆ. ಎಲ್ಲ ಕಡೆಯೂ ಅಲ್ಲ. ಆಗ ಯಾರಾದರೂ ಹೇಳುತ್ತಾರೆ: ‘ಮಗಳನ್ನು ಸೇರಿಸಿ ಸಾರ್, ಅವಧಿ ಜಾಸ್ತಿ ಸಿಗಬಹುದು.’ ಆದಾಯವೇ ಇಲ್ಲದ ಮಗಳ ವಯಸ್ಸನ್ನು ಎಷ್ಟೋ ಬ್ಯಾಂಕುಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಅವಧಿ ಸಿಗದಿದ್ದರೂ ಸಹಿ ಮಾತ್ರ ಬಿದ್ದಿರುತ್ತದೆ.

ಆ ಸಹಿ ಹೇಗೆ ಬೀಳುತ್ತದೆ ಹೇಳುತ್ತೇನೆ. ಟೇಬಲ್ ಮೇಲೆ ದಪ್ಪ ಫೈಲು. ಸಹಿ ಬೇಕಾದ ಕಡೆಯಲ್ಲೆಲ್ಲ ಪೆನ್ಸಿಲ್ ಗುರುತು. ‘ಇಲ್ಲೊಂದು ಹಾಕಮ್ಮ, ಇಲ್ಲೊಂದು’ ಅಂತ ಪುಟ ಮಗುಚುತ್ತಾ ಹೋಗುತ್ತಾರೆ. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಓದಿ ಹಾಕುತ್ತೇನೆ ಅನ್ನಲು ಹುಡುಗಿಗೆ ಸಂಕೋಚ. ಹತ್ತು ನಿಮಿಷದಲ್ಲಿ ಅವಳು 48 ಲಕ್ಷಕ್ಕೆ ಜಂಟಿ ಸಾಲಗಾರಳು.

ಜಂಟಿ ಅಂದರೆ ಅರ್ಧರ್ಧ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅಪ್ಪನಿಂದ ಕಟ್ಟಲಾಗದಿದ್ದರೆ ಪೂರ್ತಿ ಸಾಲವನ್ನು ಬ್ಯಾಂಕ್ ನಿಮ್ಮೊಬ್ಬರಿಂದಲೇ ಕೇಳಬಹುದು. ಕಂತು ತಪ್ಪಿದರೆ ನಿಮ್ಮ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ಕಟ್ಟುತ್ತೀರಾ ಅಂತ ತೋರಿಸುವ ಅಂಕ) ಬೀಳುತ್ತದೆ. ಮುಂದೆ ನೀವೇ ಮನೆ ಕೊಳ್ಳಲು ಹೋದಾಗ ಈ ಸಾಲವನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸಿ ನೋಡುತ್ತಾರೆ. ಇಷ್ಟೆಲ್ಲ ಹೊತ್ತರೂ, ಸಾಲದಲ್ಲಿ ಹೆಸರಿದೆ ಅಂತ ಮನೆಯಲ್ಲಿ ಪಾಲು ಬರುವುದಿಲ್ಲ. ಪಾಲು ಬೇಕಾದರೆ ಕ್ರಯಪತ್ರದಲ್ಲಿ ಹೆಸರು ಇರಬೇಕು. ಹೆಣ್ಣುಮಕ್ಕಳು ಇದನ್ನು ದಯವಿಟ್ಟು ಗಮನಿಸಿ. ಸಾಲಕ್ಕೆ ಅಕ್ಕನ ಸಹಿ, ಕ್ರಯಪತ್ರದಲ್ಲಿ ತಮ್ಮನ ಹೆಸರು ಅನ್ನುವಂಥ ಏರ್ಪಾಡು ಆಗಕೂಡದು. ಮನೆಯಲ್ಲಿ ಕೇಳಿ. ಕೇಳಿದರೆ ಅಪ್ಪನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ ಅಲ್ಲ.

ಎಜುಕೇಷನ್ ಲೋನ್ ಇರುವವರಿಗೆ ಇನ್ನೊಂದು ಮಾತು. ಅದರಲ್ಲಿ ಸಾಮಾನ್ಯವಾಗಿ ಅಪ್ಪ ಅಮ್ಮನೂ ಜಂಟಿ ಸಾಲಗಾರರು. ಓದು ಮುಗಿಯುವವರೆಗೆ ಕಂತು ಇಲ್ಲದಿದ್ದರೂ ಆ ಸಾಲ ಅವರ ಸಿಬಿಲ್ ವರದಿಯಲ್ಲಿ ಇರುತ್ತದೆ. ಹಾಗಾಗಿ ಅಪ್ಪನಿಗೆ ಸಿಗುವ ಹೋಮ್ ಲೋನ್ ಕಡಿಮೆಯಾಗಬಹುದು. ಎರಡನ್ನೂ ಒಂದೇ ವರ್ಷ ಯೋಚಿಸುತ್ತಿದ್ದರೆ ಮೊದಲೇ ಕೂತು ಲೆಕ್ಕ ಹಾಕಿ.

ಇ-ಖಾತಾ, ಇ.ಸಿ. (ಋಣಭಾರ ಪತ್ರ), ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನಂಬರ್, ಹೀಗೆ ಮನೆಗೆ ಸಂಬಂಧಿಸಿದ ಕಾಗದಗಳನ್ನೆಲ್ಲ ವಕೀಲರ ಹತ್ತಿರ ತೋರಿಸಿ. ಅದಕ್ಕೆ ಇವತ್ತು ಸಮಯ ಸಾಲದು. ಆದರೆ ಒಂದು ಕಾಗದವನ್ನು ನೀವೇ ಕೇಳಿ ಪಡೆಯಬೇಕು. 2024ರ ಅಕ್ಟೋಬರ್ 1ರಿಂದ ಇಂಥ ಪ್ರತಿ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡುವುದು ಕಡ್ಡಾಯ. ಬಡ್ಡಿ, ಫೀಸು, ಒಟ್ಟು ಖರ್ಚು ಎಲ್ಲ ಅದರಲ್ಲಿ ಇರುತ್ತದೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು ಅಂತಲೂ ರಿಸರ್ವ್ ಬ್ಯಾಂಕ್ ಹೇಳಿದೆ. ಕನ್ನಡದಲ್ಲೇ ಕೊಡಿ ಅಂತ ಕೇಳಿ, ಮನೆಗೆ ತಂದು ಅಮ್ಮನಿಗೂ ಓದಿ ಹೇಳಿ. ಮತ್ತೆ, ಸಹಿ ಹಾಕಿದ ಮೇಲೆ ಹೆಸರು ತೆಗೆಸಬೇಕು ಅಂದರೆ ಬ್ಯಾಂಕ್ ಒಪ್ಪಬೇಕು. ಉಳಿದವರ ಆದಾಯವೊಂದೇ ಆ ಸಾಲಕ್ಕೆ ಸಾಕು ಅನ್ನಿಸಿದರೆ ಮಾತ್ರ ಒಪ್ಪುತ್ತಾರೆ. ಸುಮ್ನೆ ಒಂದು ಅರ್ಜಿ ಕೊಟ್ಟರೆ ಆಗುವ ಕೆಲಸ ಅಲ್ಲ.

ಈಗಾಗಲೇ ಎಲ್ಲಾದರೂ ಸಹಿ ಹಾಕಿದ್ದೀರಾ ಅನ್ನುವ ಅನುಮಾನ ಇದ್ದರೆ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿ. ಸಿಬಿಲ್ ಥರದ ಪ್ರತಿ ಕಂಪನಿಯೂ ವರ್ಷಕ್ಕೆ ಒಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾದ ಪತ್ರ) ತಂದಿರುವವರು ಮುಂದಿನ ಸಾಲಿಗೆ ಬನ್ನಿ, ಅದನ್ನೇ ಇಟ್ಟುಕೊಂಡು ಪ್ರಶ್ನೆಗಳನ್ನು ಶುರುಮಾಡೋಣ.